ಇವತ್ತೊಂದು ದಿನ ಮುಟ್ಟಬಾರದು

ಏ, ಕೈ ತೆಗಿ! ಮುಟ್ಟಬೇಡ ಅಂತ ಹೇಳಿದ್ದಲ್ವಾ ನಿಂಗೆ... ಕುಂಕುಮ ಇನ್ನೂ ಹಸಿ ಉಂಟು. ಹೂ ಇಟ್ಟು, ಆರತಿ ಎತ್ತಿ ಆಯ್ತು. ಇನ್ನು ನಾಳೆ ಬೆಳಿಗ್ಗೆವರೆಗೆ ಅದು ನಿನ್ನ ಟೂಲ್ ಬ್ಯಾಗ್ ಅಲ್ಲ, ದೇವರದ್ದು. ಆಯುಧ ಪೂಜೆ ಅಂದ್ರೆ ಹಾಗೇ. ಪೂಜೆಗಿಟ್ಟದ್ದನ್ನು ಆ ದಿನ ಎತ್ತುವ ಹಾಗಿಲ್ಲ. ಡ್ರಿಲ್ ಇಲ್ಲ, ಸ್ಕ್ರೂಡ್ರೈವರ್ ಇಲ್ಲ, ಎಂತದೂ ಇಲ್ಲ.

ಎಂತ ಬಾಯಿ ಓರೆ ಮಾಡ್ತೀ?... ಹೌದು ಮಾರಾಯ್ತಿ, ಕಾರಿಗೂ ಪೂಜೆ ಮಾಡಿದ್ದೇನೆ, ಅದರಲ್ಲೇ ಡ್ಯೂಟಿಗೂ ಹೋಗ್ತೇನೆ. ಅದು ಬೇರೆ. ನರ್ಸಿಗೆ ಎಂತ ಹಬ್ಬ? ನಾಳೆ ಬನ್ನಿ, ಇವತ್ತು ನಮ್ಮಲ್ಲಿ ಪೂಜೆ ಅಂತ ಪೇಶೆಂಟಿಗೆ ಹೇಳ್ಲಿಕ್ಕಾಗ್ತದಾ? ವಾದ ಮಾಡ್ಲಿಕ್ಕೇ ಹುಟ್ಟಿದವಳು ನೀನು. ಹಾಗಾದ್ರೆ ಲಾಯರ್ ಆಗು ಅಂದೆ, ಆಗ್ಲಿಲ್ಲ. ಎಲೆಕ್ಟ್ರಿಷಿಯನ್ ಆಗ್ತೇನೆ ಅಂತ ಗಂಡುಮಕ್ಕಳ ಹಾಗೆ ಬೂಟು ಹಾಕಿ ಹೊರಟಿ.

ನಗಬೇಡ... ನಿರೀಕ್ಷಾ, ನಗಬೇಡ ಅಂದೆ.

ಗೊತ್ತುಂಟು, ಹೊರಗೆ ನಿನ್ನ ಬಾಸ್ ಕ್ರೇಗ್ ಕಾಯ್ತಾ ಇದ್ದಾನೆ. ಕಾಯ್ಲಿ. ಪಾಪದ ಮನುಷ್ಯ ಅವನು. ಅವನ ಗಾಡಿಯ ಚಕ್ರಕ್ಕೂ ಒಂದು ನಿಂಬೆಹಣ್ಣು ಇಟ್ಟು ಬಂದೆ. ಇಳಿದು ಬಂದು, ಅದನ್ನು ಹೆಕ್ಕಿ, ಪ್ಯಾಂಟಿಗೆ ಒರೆಸಿ ನನ್ನ ಕೈಗೇ ಕೊಟ್ಟ. ನಿಮ್ಮದು ಬಿದ್ದಿತ್ತು ಅಂತ! ಇಂಥವನಿಗೆ ಎಂತ ಬಿಡಿಸಿ ಹೇಳುದು? ಥ್ಯಾಂಕ್ಯೂ ಅಂದೆ. ಅವನು ಆಚೆ ತಿರುಗಿದ ಮೇಲೆ ಪುನಃ ಇಟ್ಟೆ.

ಬಾಸ್ ಒಳ್ಳೆಯವನೇ, ನಾನು ಇಲ್ಲ ಅನ್ನುದಿಲ್ಲ. ಹುಡುಗಿಯನ್ನು ಅಪ್ರೆಂಟಿಸ್ ಅಂತ ಯಾರೂ ತಗೊಳ್ಳದ ಕಾಲಕ್ಕೆ ತಗೊಂಡ. ಟ್ರಯಲ್ ಅಂತ ಇಷ್ಟು ದಿವಸ ನೆಲದ ಮೇಲೆ ಇಟ್ಟ. ವಯರ್ ಎಳೆಸಿದ, ವ್ಯಾನ್ ಗುಡಿಸಿದ. ನಾನು ಎಂತಾದ್ರೂ ಹೇಳಿದ್ನಾ? ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿ ಕೊಡ್ಲಿಲ್ವಾ? ಮನಸ್ಸಿನೊಳಗೆ ಇದ್ದದ್ದು ಒಂದೇ, ವಾರದೊಳಗೆ ಸಾಕಾಗಿ ಬಿಡ್ತಾಳೆ ಇವಳು ಅಂತ. ನೀನು ಬಿಡ್ಲಿಲ್ಲ... ಈಗ ಟ್ರಯಲ್ ಮುಗೀತು, ನೀನು ಪಕ್ಕಾ ಅಪ್ರೆಂಟಿಸ್, ಇವತ್ತು ಮೊದಲ ದಿನ, ಸೀದಾ ಮನೆಯ ಮಾಡಿನ ಮೇಲೆ ಹತ್ತಿಸ್ತಾನೆ. ಸೋಲಾರ್ ಕೆಲಸ. ಹಬ್ಬದ ದಿವಸವೇ ಆಗ್ಬೇಕಾ ಅದು?

ಎಂತ?... ಮೊದಲ ದಿನವೇ ಬರುದಿಲ್ಲ ಅಂದ್ರೆ ಇನ್ನೊಬ್ಬನನ್ನು ತಗೊಳ್ತಾನಾ? ತಗೊಳ್ಳಲಿ! ಒಳ್ಳೆಯದೇ ಆಯ್ತು!

...ಅಲ್ಲ, ಹಾಗಲ್ಲ. ನಾನು ಹೇಳಿದ್ದು ಹಾಗಲ್ಲ. ಆ ಬೂಟು ಹಾಕುದು ಒಂದು ನಿಮಿಷ ನಿಲ್ಲಿಸು, ಕೇಳು. ನಿನ್ನೆ ನಿನ್ನ ಫ್ರೆಂಡ್ ಆದ್ಯಾ ಫೋನ್ ಮಾಡಿದ್ಲು, ಸಿಡ್ನಿಯಿಂದ. ಅವಳ ಆಫೀಸಿನಲ್ಲಿ ಟ್ರೇನಿ ಬೇಕಂತೆ. ಮ್ಯಾಕ್ವೆರಿ ಪಾರ್ಕ್, ಮೆಟ್ರೋದಿಂದ ಇಳಿದ್ರೆ ಎದುರೇ ಆಫೀಸಂತೆ. ಎಸಿಯಲ್ಲಿ ಕೂತು ಮಾಡುವ ಕೆಲಸ. ಉಳ್ಕೊಳ್ಳಲಿಕ್ಕೆ ಅವಳ ರೂಮೇ ಉಂಟು... ನಾನು ಒಬ್ಬಳೇ ಆಗ್ತೇನೆ ಅಂತ ಯೋಚನೆಯಾ? ನಾನು ಇರ್ತೇನೆ ಮಾರಾಯ್ತಿ. ಈ ಕ್ಲೈಡ್ ನಾರ್ತ್‌ನಲ್ಲಿ ಪಕ್ಕದ ಮನೆಯ ಶರ್ಮಿಳಾ ಆಂಟಿ ಯಾರನ್ನಾದ್ರೂ ಒಬ್ಬರೇ ಇರ್ಲಿಕ್ಕೆ ಬಿಡ್ತಾಳಾ?... ನೋಡು, ಈಗ ನಕ್ಕಿ. ಅದಕ್ಕೆ ನಗಬಹುದು.

ನಾಚಿಕೆ? ನಿನ್ನ ಕೆಲಸ ಹೇಳ್ಲಿಕ್ಕೆ ನಂಗೆ ನಾಚಿಕೆಯಾ? ಯಾರು ಹೇಳಿದ್ದು?... ಹೌದು, ಕನ್ನಡ ಸಂಘದಲ್ಲಿ ಇಂಜಿನಿಯರಿಂಗ್ ಕಡೆಯದ್ದು ಅಂತ ಹೇಳಿದೆ ಒಂದು ಸಲ. ಬಾಯಿಗೆ ಬಂತು, ಹೇಳಿದೆ. ಆದ್ರೆ ನಾಚಿಕೆ ಅಲ್ಲ ಅದು. ದೇವರಾಣೆಗೂ ನಾಚಿಕೆ ಅಲ್ಲ... ಮತ್ತೆ ಎಂತ ಅಂತ ಕೇಳಿದ್ರೆ...

ಅಪ್ಪನ ಫೋಟೋ ಯಾಕೆ ನೋಡ್ತೀ? ಅಪ್ಪ ಇದ್ದಿದ್ರೆ ಹೂಂ ಅಂತಿದ್ರು ಅಂತಲಾ? ನೀನು ಕಂಡಿದ್ದೀಯಾ ಅವರನ್ನು ಸರಿಯಾಗಿ? ತೊಡೆ ಮೇಲೆ ಕೂತು ಮೀಸೆ ಎಳೀತಿದ್ದಿ, ಅಷ್ಟೇ. ಕರೆಂಟ್ ಆಫೀಸಿನವರು ಹೌದು. ಆದ್ರೆ ಅವರದ್ದು ಕುರ್ಚಿ ಕೆಲಸ. ಫ್ಯಾನಿನ ಅಡಿಯಲ್ಲಿ ಕೂತು ಬರೆಯುದು. ಹಾಗೆ ಕೂತಲ್ಲೇ ಹಾರ್ಟ್ ನಿಂತಿತು... ಎಷ್ಟು ಸಲ ಹೇಳಿದ್ದೇನೆ ನಿಂಗೆ. ಎದೆನೋವು ಅಂತ ಹೇಳ್ಲಿಕ್ಕೂ ಸಮಯ ಇರ್ಲಿಲ್ಲ ಪಾಪ.

ಆ ಮಾತು ಬಿಡು ಈಗ. ಹಬ್ಬದ ದಿನ.

ಹಾಂ, ಹೇಳು... ಹೂಂ... ಮೊದಲು ಮೇನ್ ಆಫ್ ಮಾಡ್ತೀರಿ. ಬೀಗ ಹಾಕ್ತೀರಿ, ಕೀ ನಿನ್ನ ಕಿಸೆಯಲ್ಲೇ ಇರ್ತದೆ. ಮುಟ್ಟುವ ಮೊದಲು ಟೆಸ್ಟರ್ ಇಟ್ಟು ನೋಡ್ತೀರಿ. ಕ್ರೇಗ್ ಪಕ್ಕದಲ್ಲೇ ನಿಲ್ತಾನೆ. ಎಲ್ಲ ಒಳ್ಳೆಯದೇ. ಆದ್ರೆ ಮೇನ್ ಆಫ್ ಮಾಡಿದ್ರೆ ಸೂರ್ಯ ಆಫ್ ಆಗ್ತಾನಾ? ಮೇಲೆ ಆ ಪ್ಯಾನಲ್‌ಗೆ ಬಿಸಿಲು ಬೀಳ್ತಾನೇ ಇರ್ತದಲ್ಲ? ಈಚೆ ಬಂದ್ ಮಾಡಿದ್ರೆ ಆಚೆಯಿಂದ ಬರ್ತದೆ ಕರೆಂಟ್! ನೀವು ಬಂದ್ ಮಾಡಿದ್ದೇವೆ ಅಂತ ಧೈರ್ಯದಲ್ಲಿ ಕೈ ಹಾಕುದು, ಅದು ಹಿಂದಿನಿಂದ ಬಂದು—

ಎಂತ?... ನಂಗೆ ಹೇಗೆ ಗೊತ್ತು ಅಂತಲಾ?

ಅದು... ಅದಕ್ಕೆಲ್ಲ ಓದ್ಬೇಕಾ? ಊರಲ್ಲಿ ಆಗಿತ್ತು ಹಾಗೆ. ಟ್ರಾನ್ಸ್‌ಫಾರ್ಮರ್‌ನಲ್ಲಿ ಸರಿಯಾಗಿ ಬಂದ್ ಮಾಡಿಯೇ ಕಂಬ ಹತ್ತಿದ್ದು. ಕೆಳಗಿನ ಸಭಾಭವನದಲ್ಲಿ ಮದುವೆ. ಕರೆಂಟ್ ಹೋಯ್ತು ಅಂತ ಅವರು ಜನರೇಟರ್ ಹಾಕಿದ್ರು. ಲೈನಿಂದ ಬಿಡಿಸದೆ ಹಾಗೇ ಹಾಕಿದ್ರು. ಅದು ತಿರುಗಿ ಲೈನಿಗೆ ಬಂತು. ಕಂಬ ಹತ್ತಿದವರದ್ದೇನೂ ತಪ್ಪಿರ್ಲಿಲ್ಲ. ಎಲ್ಲ ಸರಿಯಾಗೇ ಮಾಡಿದ್ರು...

ಯಾರಾ? ಯಾರೋ. ಊರಲ್ಲಿ ಯಾರೋ ಒಬ್ಬ ಲೈನ್‌ಮ್ಯಾನ್. ನೀನು ಹುಟ್ಟುವ ಮೊದಲು. ಅಲ್ಲ, ಆಮೇಲೆ... ನೆನಪಿಲ್ಲ ನಂಗೆ. ಬೆಳಿಗ್ಗೆ ನೀರುದೋಸೆ ತಿಂತಾ ಇದ್ದಾಗ ಫೋನ್ ಬಂದದ್ದು. ಇನ್ನೆರಡು ಹಾಕ್ತೇನೆ, ಕೂತ್ಕೊಳ್ಳಿ ಅಂದೆ. ಹತ್ತಿ ಇಳಿಯುವಷ್ಟು ಕೆಲಸ, ಬಂದು ತಿಂತೇನೆ, ಮುಚ್ಚಿಡು ಅಂದ್ರು. ಮುಚ್ಚಿಟ್ಟೆ—

...ಅಂತ ಅವನ ಹೆಂಡತಿ ಹೇಳ್ತಾ ಇದ್ಲು. ಅವಳು ಹೇಳಿದ್ದನ್ನೇ ನಾನು ಹೇಳಿದ್ದು.

ಪುನಃ ಬೂಟಿನ ಲೇಸು ಕಟ್ಲಿಕ್ಕೆ ಶುರು ಮಾಡಿದಿಯಾ?

ಕೇಳು. ಅಷ್ಟೆಲ್ಲ ವಾದ ಮಾಡಿದಿ, ಈಗ ಒಂದು ಮಾತು ಕೇಳು. ಯಾವ ಹೆಂಡತಿ ಅಂತ ಕೇಳು. ಏನಮ್ಮಾ ಹೇಳ್ತಾ ಇದ್ದೀ ಅಂತ ಕೇಳು... ಕೂಗಾಡು ಬೇಕಾದ್ರೆ. ಇಷ್ಟು ವರ್ಷ ಸುಳ್ಳು ಹೇಳಿದಿಯಾ ಅಂತ ಬೈ. ಹಾರ್ಟ್ ನಿಂತದ್ದು ಸುಳ್ಳಲ್ಲ ಅಂತ ನಾನು ಹೇಳ್ತೇನೆ. ಯಾರದ್ದಾದ್ರೂ ಕೊನೆಗೆ ನಿಲ್ಲುದು ಅದೇ, ನರ್ಸ್ ನಾನು, ನಂಗೆ ಗೊತ್ತಿಲ್ವಾ ಅಂತ... ಇದನ್ನೆಲ್ಲ ಜೋಡಿಸಿ ಇಟ್ಟುಕೊಂಡಿದ್ದೆ ನಾನು, ನೀನು ಕೇಳಿದ ದಿನ ಹೇಳ್ಬೇಕು ಅಂತ. ಕೇಳುದೇ ಇಲ್ವಾ ನೀನು?

ನಿರೀಕ್ಷಾ... ಮುಖದಲ್ಲಿ ಒಂದು ಚೂರು ಆಶ್ಚರ್ಯ ಇಲ್ವಲ್ಲ ನಿಂಗೆ.

ಗೊತ್ತಿತ್ತಾ?

ಯಾರು... ದೂಮಪ್ಪ ಮಾವನಾ? ಕಳೆದ ಸಲ ಊರಿಗೆ ಹೋದಾಗ ಅವನ ಸ್ಕೂಟರಿನಲ್ಲಿ ಪೇಟೆಗೆ ಹೋದವಳು ಬಂದು ಊಟವೇ ಮಾಡ್ಲಿಲ್ಲ. ಬಿಸಿಲು ಹೊಡೆದದ್ದು ಅಂದಿ. ನಾನು ಮಜ್ಜಿಗೆ ಮಾಡಿ ಕೊಟ್ಟೆ... ಆ ಕಂಬದ ಹತ್ತಿರ ಕರ್ಕೊಂಡು ಹೋಗಿದ್ನಾ ನಿನ್ನನ್ನು? ಇದೇ ಜಾಗ ಅಂತ ತೋರಿಸಿದ್ನಾ? ಅಣ್ಣನಾದವನಿಗೆ ಬಾಯಿ ಮುಚ್ಚಿಕೊಂಡಿರು ಅಂತ ಕೈ ಮುಗಿದು ಹೇಳಿದ್ದೆ ನಾನು...

ಆಮೇಲೆ ಬಂದ ತಿಥಿಗೂ ನಾನು ಅದನ್ನೇ ಹೇಳಿದ್ನಲ್ಲ, ಕುರ್ಚಿ, ಫ್ಯಾನು, ಎದೆನೋವು ಅಂತ. ಎದುರು ಕೂತು ಹೂಂ, ಹೂಂ ಅಂತ ಕೇಳ್ತಿದ್ದಿಯಲ್ಲ ಮಗಾ. ನಾನು ಹೇಳುವಷ್ಟನ್ನೂ ಹೇಳ್ಲಿಕ್ಕೆ ಬಿಟ್ಟಿ. ಈ ಕೆಲಸ ಹಿಡಿದದ್ದು ಕೂಡ ಅದರ ನಂತರವೇ ಅಲ್ವಾ... ಎಲ್ಲ ಗೊತ್ತಿದ್ದೇ ಹಿಡಿದಿ.

ಹೆದರಿಕೆ ಆಗುದಿಲ್ವಾ ನಿಂಗೆ?

ತಲೆ ಬಗ್ಗಿಸಬೇಡ. ನೋಡು ಇಲ್ಲಿ, ನನ್ನ ಮುಖ ನೋಡು. ಕೈ ಕೊಡು. ಆ ಕೈಯೂ ಕೊಡು... ಅಯ್ಯೋ ದೇವರೇ, ಎಷ್ಟು ತಣ್ಣಗೆ! ಬೆಳಿಗ್ಗೆಯಿಂದ ಹೀಗೇ ಇತ್ತಾ? ನಗ್ತಾ ಇದ್ದಿಯಲ್ಲ, ಇಂಥ ಕೈ ಇಟ್ಕೊಂಡು...

ಎಳೀಬೇಡ. ಹಾರ್ನ್ ಹೊಡೆದ್ರೆ ಹೊಡೀಲಿ ಅವನು. ಸ್ವಲ್ಪ ಬಿಸಿ ಆಗ್ಲಿ ಈ ಕೈ. ಬೆರಳು ಸರಿಯಾಗಿ ಮಡಚುವಷ್ಟಾದ್ರೂ ಆಗ್ಲಿ...

ಆಮೇಲೆ ಹೋಗು.