ನೀಲಿ ಕಾರು ಬೇಡ

ಮಾಲ್ಟಾದ ಮೆಲ್ಲಿಹಾ ಊರು. ಮತದಾನದ ಹಿಂದಿನ ದಿನ, ಏರಿನ ಬುಡದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಮುಂದೆ ನಮ್ಮ ಬೀದಿಯ ವಿಧವೆ ಚೆನ್ಸಾ ಊರುಗೋಲು ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಅವಳ ನಾದಿನಿ ದೊಲೊರ್.

"ಅತ್ತಿಗೆ, ನಾಳೆ ಎಂಟಕ್ಕೆಲ್ಲ ನಮ್ಮ ನೀಲಿ ಪಕ್ಷದ ಕಾರು ಬರುತ್ತೆ. ರೆಡಿಯಾಗಿರಿ."

"ನಾನು ಹತ್ತಲ್ಲ. ನಡ್ಕೊಂಡೇ ಹೋಗ್ತೀನಿ."

"ಈ ಕಾಲಲ್ಲಾ? ಮತಗಟ್ಟೆ ಇರೋದು ಗುಡ್ಡದ ನೆತ್ತೀಲಿ!"

"ಗೊತ್ತು ಕಣೇ. ಕಾರು ಹತ್ತಿದ್ರೆ ಡ್ರೈವರ್ ದಾರಿಯುದ್ದಕ್ಕೂ ಪಾಠ ಹೇಳ್ತಾನೆ, ವೋಟಿನ ಚೀಟೀಲಿ ಮೊದಲ ಆಯ್ಕೆ ಅಂತ ಇವನ ಹೆಸರಿಗೆ ಒಂದು ಬರಿ, ಎರಡನೇದು ಅಂತ ಅವನ ಹೆಸರಿಗೆ ಎರಡು ಬರಿ ಅಂತ. ಮನೇಲಿ ನಿಮ್ಮಣ್ಣನೂ ಅದೇ ಹೇಳ್ತಿದ್ರು."

"ನೀವು ನಡೀತಿರೋದು ಕಂಡ್ರೆ ಆ ಕೆಂಪು ಪಕ್ಷದವರು ತಮ್ಮ ಕಾರು ನಿಲ್ಲಿಸ್ತಾರೆ. ಮಾನ ಹೋಗುತ್ತೆ."

"ಅದನ್ನೂ ಹತ್ತಲ್ಲ."

"ಹಾಗಾದ್ರೆ ವೋಟು ಯಾರಿಗೆ?"

"ಇಷ್ಟು ವರ್ಷದಲ್ಲಿ ಇದನ್ನ ಕೇಳಿದವಳು ನೀನೇ ಮೊದಲು, ದೊಲೊರ್."

"ಕೇಳಿದೆನಲ್ಲ, ಹೇಳಿ ಮತ್ತೆ."

"ಏರು ಹತ್ತುವಾಗ ಯೋಚನೆ ಮಾಡ್ತೀನಿ."

ಬಸ್ಸು ಬಂತು. ದೊಲೊರ್ ಹತ್ತಿ ಕೈ ಚಾಚಿದಳು.

"ಬನ್ನಿ, ಸೀಟಿದೆ."

"ನೀನು ಹೋಗು. ಮೇಲೆ ಹೋಗೋಕೆ ಎಷ್ಟು ಹೊತ್ತು ಬೇಕು ಅಂತ ಇವತ್ತೇ ನೋಡ್ಕೋತೀನಿ."

ಚೆನ್ಸಾ ಊರುಗೋಲನ್ನು ಮುಂದಕ್ಕೂರಿ ಏರಿನತ್ತ ನಡೆದೇಬಿಟ್ಟಳು.