ಮೀನುಮರಿಗಳ ಚೀಲ

ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೊರಟ ಬಸ್ಸು ಪಂಚರಾಗಿ ನಿಂತು ಮುಕ್ಕಾಲು ಗಂಟೆಯಾಗಿತ್ತು. ಕಿಟಕಿಯಾಚೆ ನೋಡಿ ನೋಡಿ ಬೇಸತ್ತ ಯಶಸ್ವಿನಿ, ಮುಂದಿನ ಸೀಟಿನಲ್ಲಿದ್ದ ಗಂಡ ಹೆಂಡಿರ ಮಾತಿಗೆ ಕಿವಿಗೊಟ್ಟಳು. ಗಂಡನ ತೊಡೆಯ ಮೇಲೆ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲವಿತ್ತು. ಅದರ ನೀರಿನ ತುಂಬ ಮೀನುಮರಿಗಳು.

“ಚೀಲ ಮೆತ್ತಗಾಯ್ತಾ ಐತೆ ಕಣೇ.”

“ಮರಿ ಎಲ್ಲಾ ಮೇಲಕ್ಕೆ ಬಂದು ಬಾಯ್ ಬಿಡ್ತಾವೆ, ನೋಡ್ರಿ. ಇಲ್ಲೇ ಕೆಳಗೆ ಕಟ್ಟೆ ಐತಲ್ಲ, ಬಿಟ್ಬುಡಿ.”

“ಅದು ನಿಮ್ಮಪ್ಪನ ಊರಿನ ಕಟ್ಟೆ! ನಮ್ಮ ಕಟ್ಟೆ ತಾವ ಊರೋರೆಲ್ಲ ಕಾಯ್ತಾ ಅವ್ರೆ.”

“ಯಾಕೆ, ನಮ್ಮೂರ್ ನೀರೇನು ಇಸವಾ?”

“ನಮ್ಮೂರ್ ಮರಿ ನಿಮ್ಮಣ್ಣಂದಿರ ಸಾರಿಗೆ ಓಗ್ಬೇಕಾ?”

“ಬದುಕುದ್ರೆ ಸಾರು. ಸತ್ರೆ ಗೊಬ್ರ.”

“ಊರೋರ್ಗೆ ಏನಂತ ಏಳ್ಲೇ?”

“ನನ್ನೆಸ್ರೇ ಏಳಿ. ಎಂಗೂ ಬಯ್ಯೋದು ನನ್ನೇ.”

ಒಂದು ಮರಿ ಹೊಟ್ಟೆ ಮೇಲಾಗಿ ತೇಲಿತು. ಗಂಡ ದಡಬಡ ಎದ್ದು ಚೀಲವನ್ನು ತಬ್ಬಿಕೊಂಡು ಬಸ್ಸಿಳಿದ. ಹೆಂಡತಿ ಸೀರೆ ಎತ್ತಿ ಹಿಡಿದು, ಆಗಲೇ ಇಳಿಜಾರಿನಲ್ಲಿ ಮುಂದೆ ಓಡುತ್ತಿದ್ದಳು.

“ಲೇ, ನಿಂತ್ಕಳೇ!” ಅವನ ಕೂಗು ಯಶಸ್ವಿನಿಯವರೆಗೂ ಕೇಳಿಸಿತು. “ಬೇಸ್ಗೇಲಿ ಬಲೆ ಎಳೆಯೋ ದಿನ ನಮ್ಮೂರೋರ್ನೂ ಕರೀಬೇಕು ಅಂತ ನಿಮ್ಮಣ್ಣಂಗೆ ಈಗ್ಲೇ ಫೋನ್ ಮಾಡು!”