ಯಾರಿಗೂ ತೋರಿಸಬೇಡ ಎಂದ ಅಶ್ವತ್ಥಪ್ಪನವರು

ಎಲ್ಲರಿಗೂ ನಮಸ್ಕಾರ. ಅಶ್ವತ್ಥಪ್ಪನವರ ಶ್ರೀಮತಿ ವೆಂಕಟರತ್ನಮ್ಮನವರೇ, ಮಗಳು ಶೋಭಾರಾಣಿಯವರೇ, ನಮ್ಮ ಪತ್ರ ಬರಹಗಾರರ ಬಳಗದವರೇ, ಅವರು ನಡೆಸುತ್ತಿದ್ದ ಭಾನುವಾರದ ಬರವಣಿಗೆ ತರಗತಿಯ ಗೆಳೆಯರೇ — ನನ್ನ ಹೆಸರು ಕಾಂತರಾಜ್. ಮುಳಬಾಗಿಲಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಅಶ್ವತ್ಥಪ್ಪನವರ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೂತವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ — ಅವರೂ ಬರೆದರು, ನಾನೂ ಬರೆದೆ.

ನನಗಿಂತ ಮೊದಲು ಮಾತಾಡಿದವರನ್ನು ಕೇಳಿ ನನ್ನ ಗೊಂದಲ ಇನ್ನೂ ಹೆಚ್ಚಾಗಿದೆ. ಬೈರಕೂರಿನ ಗಂಗಾಲಕ್ಷ್ಮಿಯವರು ಹೇಳಿದರಲ್ಲ, ಅಶ್ವತ್ಥಪ್ಪನವರು ತಮಗೆ ಕಲಿಸಿದ್ದು — ಬರೆದದ್ದನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಬೇಕು, ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ ಎಂದು ತಿಳಿಯಬೇಕು ಅಂತ. ತರಗತಿಯ ಚನ್ನರಾಯಪ್ಪನವರಿಗೂ ಅದನ್ನೇ ಹೇಳಿದ್ದರಂತೆ. ನನಗೆ ಮಾತ್ರ — ನನಗೊಬ್ಬನಿಗೆ ಮಾತ್ರ — "ಯಾರಿಗೂ ತೋರಿಸಬೇಡ" ಎಂದರು. ಯಾಕೆ? ಹೋದ ಮಂಗಳವಾರ ಅವರು ತೀರಿಕೊಂಡಾಗಿನಿಂದ ಇದೇ ಯೋಚನೆ. ಕೇಳೋಣವೆಂದರೆ ಅವರೇ ಇಲ್ಲ.

ನನ್ನ ತಮ್ಮ ಮೂರ್ತಿಯನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಲಾರಿ ಓಡಿಸುತ್ತಿದ್ದ. ಒಂಬತ್ತು ವರ್ಷದ ಹಿಂದೆ ನಂಗಲಿ ಹತ್ತಿರ ಹೆದ್ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡ. ಅವನ ಬಗ್ಗೆ ಬರೆಯಬೇಕೆಂದು ನಾನು ತರಗತಿಗೆ ಸೇರಿದೆ. ಬರೆಯುವುದೇ ನನ್ನ ಕಸುಬು, ಇದೇನು ಮಹಾ ಅಂದುಕೊಂಡಿದ್ದೆ. ಮೂರು ಪುಟ ಬರೆದು ಕೊಟ್ಟೆ. "ವಿಧಿಯ ಕ್ರೂರ ಆಟಕ್ಕೆ ಬಲಿಯಾದ ನನ್ನ ಪ್ರೀತಿಯ ಸಹೋದರ" — ಹೀಗೆ ಆರಂಭ.

ಅಶ್ವತ್ಥಪ್ಪನವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಇದ್ರಲ್ಲಿ ಮೂರ್ತಿ ಎಲ್ಲಿದಾನಯ್ಯಾ?"

"ಪೂರ್ತಿ ಅವನೇ ಅಲ್ವಾ ಸಾರ್!"

"ಇದು ಯಾರ ತಮ್ಮ ಸತ್ರೂ ಆಗುತ್ತೆ. ಅವ್ನು ಮನೆಗ್ ಬಂದ್ರೆ ಚಪ್ಪಲಿ ಎಲ್ಲಿ ಬಿಡ್ತಿದ್ದ, ಅಲ್ಲಿಂದ ಶುರು ಮಾಡು. ಚೆನ್ನಾಗ್ ಬರೀಬೇಡ. ಕೆಟ್ದಾಗೇ ಬರಿ, ಪರ್ವಾಗಿಲ್ಲ. ಪುಟ ತುಂಬ್ಸು, ಆಮೇಲ್ ನೋಡೋಣ."

ನನಗೆ ನೆನಪಿರಲಿಲ್ಲ ಸ್ವಾಮಿ. ಒಡಹುಟ್ಟಿದವನು ಚಪ್ಪಲಿ ಎಲ್ಲಿ ಬಿಡುತ್ತಿದ್ದ ಎಂಬುದು ನೆನಪಿರಲಿಲ್ಲ! ಅಮ್ಮನನ್ನು ಕೇಳಿದೆ. "ನೀರಿನ ತೊಟ್ಟಿ ಪಕ್ಕ, ಮಣ್ಣು ಕೊಡವಿ ಬಿಡ್ತಿದ್ದ" ಎಂದಳು. ಅದನ್ನು ಬರೆದೆ. ಅದರ ಹಿಂದೆಯೇ ಅವನು ಕಾಲು ತೊಳೆಯುತ್ತಿದ್ದುದು ಬಂತು, ಹಾಡಿಕೊಳ್ಳುತ್ತಿದ್ದುದು ಬಂತು. ದಿನಕ್ಕೆ ಅರ್ಧ ಗಂಟೆ, ಮೇಜಿಗೆ ಜನ ಬರುವ ಮೊದಲು. ಎರಡು ತಿಂಗಳಲ್ಲಿ ಹದಿನಾಲ್ಕು ಪುಟವಾಯಿತು.

ಓದಿದರು. ಮೊದಲ ಒಂದೂವರೆ ಪುಟಕ್ಕೆ ಅಡ್ಡಗೆರೆ ಎಳೆದರು. "ಇದು ನೀನು ಗಂಟಲು ಸರಿ ಮಾಡ್ಕೊಂಡಿದ್ದು. ತೆಗೀ." ಆಮೇಲೆ — ಹನ್ನೊಂದನೇ ಪುಟದ ಮೇಲೆ ಬೆರಳಿಟ್ಟರು. "ಇಲ್ಲೇನೋ ಬಿಟ್ಟಿದೀಯ."

"ಏನೂ ಬಿಟ್ಟಿಲ್ಲ ಸಾರ್."

"ಇಲ್ಲಿವರ್ಗೂ ವಾಕ್ಯ ಸಣ್ಣದಿದೆ. ಇಲ್ಲಿಂದ ಮತ್ತೆ 'ವಿಧಿ' ಬಂತು. ನೀನ್ ಏನೋ ಬಚ್ಚಿಟ್ರೇನೇ ದೊಡ್ಡ ಪದ ಬರೋದು ಕಾಂತರಾಜು."

ನನಗೆ ಕೋಪ ಬಂತು. ಕಾಗದ ಕಿತ್ತುಕೊಂಡು ಎದ್ದುಬಂದೆ. ನಾಲ್ಕು ತಿಂಗಳು ತರಗತಿಗೆ ಹೋಗಲಿಲ್ಲ. ಪಕ್ಕದ ಮೇಜಿನಲ್ಲೇ ಕೂತಿದ್ದರೂ ಮಾತಾಡಲಿಲ್ಲ.

ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ. ಸಾಯುವ ಹಿಂದಿನ ದಿನ ಮೂರ್ತಿ ನನ್ನ ಮೇಜಿಗೆ ಬಂದಿದ್ದ. ಶ್ರೀನಿವಾಸಪುರದಲ್ಲಿ ಒಂದು ಶಾಲೆಗೆ ವ್ಯಾನ್ ಓಡಿಸುವವರು ಬೇಕಾಗಿದ್ದರಂತೆ. "ಅಣ್ಣಾ, ಒಂದು ಅರ್ಜಿ ಬರ್ಕೊಡು. ಲಾರಿ ಸಾಕಾಗೋಯ್ತು" ಎಂದ. ನನ್ನ ಮುಂದೆ ಎಂಟು ಜನ ನಿಂತಿದ್ದರು. "ಲೇ, ಎಷ್ಟು ಸಲ ಬರೀಲಿ ನಿಂಗೆ? ಎಲ್ಲಾದ್ರೂ ಆರು ತಿಂಗಳು ನಿಂತಿದೀಯಾ? ಹೋಗಲೇ!" ಎಂದುಬಿಟ್ಟೆ. ಎಲ್ಲರೆದುರು. ಅವನು ನಕ್ಕ ಹಾಗೆ ಮಾಡಿ ಹೋದ. ಇಡೀ ತಾಲ್ಲೂಕಿಗೆ ಬರೆದುಕೊಟ್ಟ ಕೈ ಇದು — ತಮ್ಮನಿಗೆ ಒಂದು ಹಾಳೆ ಬರೆಯಲಿಲ್ಲ.

ಕೊನೆಗೆ ಅದನ್ನೂ ಬರೆದೆ. ಒಂದೇ ಪುಟ. ಅಶ್ವತ್ಥಪ್ಪನವರ ಮೇಜಿನ ಮೇಲಿಟ್ಟೆ. ಓದಿದರು. "ಈಗ ಬಂತು" ಎಂದರು. ಮಡಚಿ ನನ್ನ ಜೇಬಿಗೆ ತಾವೇ ಇಟ್ಟು, "ಇದನ್ನ ಯಾರಿಗೂ ತೋರಿಸಬೇಡ" ಎಂದರು. ಅಷ್ಟರಲ್ಲಿ ಯಾರೋ ಕ್ರಯಪತ್ರಕ್ಕೆ ಬಂದರು. ಹದಿನೈದು ದಿನಕ್ಕೆ ಅವರು ಆಸ್ಪತ್ರೆ ಸೇರಿದರು.

ಏನರ್ಥ? ಅಮ್ಮನಿಗೆ ನೋವಾಗುತ್ತದೆ ಎಂದೇ? ಇನ್ನೂ ತಿದ್ದಬೇಕು ಎಂದೇ? ನನ್ನ ಮರ್ಯಾದೆ ಕಾಯಲೆಂದೇ? ವೆಂಕಟರತ್ನಮ್ಮನವರನ್ನು ಕೇಳಿದೆ. "ನಲವತ್ತು ವರ್ಷದಲ್ಲಿ ನಂಗೂ ಯಾವ್ದಕ್ಕೂ ಕಾರಣ ಹೇಳಿಲ್ಲಪ್ಪ" ಎಂದರು.

ಮೊನ್ನೆ ಬೆಳಿಗ್ಗೆ, ಅವರನ್ನು ಮಣ್ಣು ಮಾಡಿದ ಮಾರನೆಯ ದಿನ, ನಾನು ಗುರುಗಳ ಮಾತು ಮೀರಿದೆ. ಅಮ್ಮ ಹುರುಳಿಕಾಯಿ ಸೋಸುತ್ತಾ ಕೂತಿದ್ದಳು. ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಆ ಪುಟವನ್ನೂ ಓದಿದೆ. ಅಮ್ಮ ಕೈ ನಿಲ್ಲಿಸಲಿಲ್ಲ.

"ಗೊತ್ತು ನಾಯ್ನಾ" ಎಂದಳು.

"ಏನು ಗೊತ್ತು?"

"ಅವತ್ತೇ ಫೋನ್ ಮಾಡಿದ್ದ ಕಣೋ. 'ಅಣ್ಣ ಬೈದ್ನಮ್ಮಾ, ಪಾಪ ಅವನ ಮುಂದೆ ತುಂಬಾ ಜನ ಇದ್ರು. ನಾನೇ ಬಸ್ ಸ್ಟಾಂಡಲ್ಲಿ ನಿಂತು ಅರ್ಜಿ ಬರ್ದೆ, ಪೋಸ್ಟ್ ಡಬ್ಬಕ್ಕೆ ಹಾಕ್ದೆ' ಅಂದ. ನೀನು ಕೇಳ್ಲೇ ಇಲ್ಲ, ನಾನು ಹೇಳ್ಲಿಲ್ಲ. ನಿಂಗ್ಯಾಕೆ ನೋವು ಅಂತ."

ಅಮ್ಮ ಅಂಜಮ್ಮ ಅಗೋ, ಎರಡನೇ ಸಾಲಿನಲ್ಲಿ ಕೂತಿದ್ದಾಳೆ.

ಈಗ ಹೇಳಿ. ಅಶ್ವತ್ಥಪ್ಪನವರ ಮಾತು ಕೇಳಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ. ಅವರ ಮಾತು ಕೇಳದೆ ಇದ್ದಿದ್ದರೆ ಓದಲು ಆ ಪುಟವೇ ಇರುತ್ತಿರಲಿಲ್ಲ. ನಾನು ಅವರ ಮಾತು ಕೇಳಿದ ಶಿಷ್ಯನೋ, ಮೀರಿದವನೋ? ನನಗೆ ಗೊತ್ತಾಗುತ್ತಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನ ತಮ್ಮ ಬಸ್ ಸ್ಟಾಂಡಿನಲ್ಲಿ ನಿಂತು, ಯಾರೂ ಹೇಳಿಕೊಡದೆ, ತನ್ನ ಅರ್ಜಿಯನ್ನು ತಾನೇ ಬರೆದ. ಅದರಲ್ಲಿ ತನ್ನ ಬಗ್ಗೆ ಏನು ಹೇಳಿಕೊಂಡಿದ್ದನೋ. ಆ ಹಾಳೆ ಸಿಕ್ಕಿದ್ದರೆ ಅಶ್ವತ್ಥಪ್ಪನವರಿಗೆ ತೋರಿಸುತ್ತಿದ್ದೆ.

ಇನ್ನು ನನ್ನಿಂದ ಆಗುವುದಿಲ್ಲ. ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಅಮ್ಮಾ, ನೀನು ಕೂತಿರು, ಮಂಡಿ ನೋವಿದೆ — ನೀನೂ ನಿಲ್ತೀಯಾ? ಸರಿ, ಅಮ್ಮನ ಕೈ ಹಿಡಿದುಕೊಳ್ಳಿ ಯಾರಾದರೂ. ಅಶ್ವತ್ಥಪ್ಪನವರಿಗಾಗಿ, ಎರಡು ನಿಮಿಷ, ಮಾತಿಲ್ಲದೆ.